ಅಟ್ಟದ ಕೆಳಗಿನ ಕೆಂಪು ಹಿಂಡಿ

ತಿಪಟೂರಿಗೆ ಬಂದ ಮೊದಲ ದಿನವೇ ನಾನು ಚಟ್ನಿ ಕೆಡಿಸಿದೆ. ಕೆಡಿಸಿದೆ ಎಂದರೆ, ಅದಕ್ಕೆ ಏನೂ ಮಾಡಲಿಲ್ಲ. ಬೆಳಿಗ್ಗೆ ಮನೆಯೊಡತಿ ಕೊಟ್ಟ ಇಡ್ಲಿ ತಿಂದು, ಉಳಿದ ಬಿಳಿ ಚಟ್ನಿಯನ್ನು ಬಟ್ಟಲಲ್ಲಿ ಮುಚ್ಚಿಟ್ಟು ಡ್ಯೂಟಿಗೆ ಹೋದೆ. ಊರಿನಿಂದ ತಂದ ರೊಟ್ಟಿಗೆ ಸಂಜೆ ಆಗುತ್ತದೆ ಎಂಬ ಲೆಕ್ಕ. ಬಂದು ಮುಚ್ಚಳ ತೆಗೆದರೆ ಚಟ್ನಿ ಉಬ್ಬಿ, ಗುಳ್ಳೆ ಎದ್ದು, ಕೋಣೆಯ ತುಂಬ ಹುಳಿ ವಾಸನೆ. ನನಗೆ ದಿಗಿಲೇ ಆಯಿತು. ನಮ್ಮ ಬಾಗಲಕೋಟೆ ಕಡೆ ಚಟ್ನಿ ಕೆಡುವುದನ್ನು ನೀವು ಯಾರಾದರೂ ನೋಡಿದ್ದೀರಾ? ಅಗಸಿ, ಶೇಂಗಾ, ಗುರೆಳ್ಳು ಪುಡಿಗಳು ಡಬ್ಬಿಯಲ್ಲಿ ತಿಂಗಳುಗಟ್ಟಲೆ ಇರುತ್ತವೆ. ಹಣ್ಣು ಮೆಣಸಿನಕಾಯಿ ಕುಟ್ಟಿ ಮಾಡುವ ಕೆಂಪು ಹಿಂಡಿಯಂತೂ ಭರಣಿಯಲ್ಲಿ ಒಂದು ವರ್ಷ ಕೂತಿರುತ್ತದೆ. ಇಲ್ಲಿ ಚಟ್ನಿಯ ಆಯುಸ್ಸು ಅರ್ಧ ದಿನ.

ಬಟ್ಟಲು ತೊಳೆಯಲು ಹಿತ್ತಲಿಗೆ ಹೋದಾಗ ಮನೆಯೊಡತಿ ನೂರ್‌ಜಾನ್ ಮೂಗು ಮುಚ್ಚಿಕೊಂಡು ನಕ್ಕರು.

“ಅರೆ, ಸಂಜೆ ಗಂಟ ಮಡಗಿದ್ಯಾ? ಕಾಯಿ ಚಟ್ನಿ ಮಧ್ಯಾಹ್ನ ದಾಟಲ್ಲ ಕಣೇ.”

“ಕಾಯಿ ಅಂದ್ರ ಯಾವ ಕಾಯಿರಿ?”

“ಯಾವ ಕಾಯಿ ಅಂದ್ರೆ? ಕಾಯಿ ಅಂದ್ರೆ ಕಾಯಿ!” ಎಂದು ಅವರು ಬೆರಳೆತ್ತಿ ಮೇಲೆ ತೋರಿಸಿದರು.

ಮೇಲೆ ಅಟ್ಟ. ಆ ಅಟ್ಟದ ತುಂಬ ಸಿಪ್ಪೆ ಸಮೇತ ತೆಂಗಿನಕಾಯಿ. ಈ ಸೀಮೆಯಲ್ಲಿ ‘ಕಾಯಿ’ ಎಂದರೆ ತೆಂಗಿನಕಾಯಿ ಒಂದೇ. ಬದನೆ, ಹೀರೆ, ಸೌತೆಗಳು ತಮ್ಮ ಹೆಸರು ಹೇಳಿಕೊಂಡು ಬರಬೇಕು. ನನ್ನ ಕೋಣೆ ಆ ಅಟ್ಟದ ಪಕ್ಕದಲ್ಲೇ, ತಗಡಿನ ಮಾಡಿನ ಕೆಳಗೆ. ಬಾಡಿಗೆಗೆ ಕೊಡುವಾಗ ನೂರ್‌ಜಾನ್ ಹಾಕಿದ ಷರತ್ತು ಒಂದೇ: ಅಟ್ಟದ ಏಣಿಗೆ ಬಟ್ಟೆ ಒಣಹಾಕಬಾರದು.

ನನ್ನ ಬಗ್ಗೆ ಹೇಳಬೇಕು. ಹೆಸರು ಮಹಾದೇವಿ. ಬಾಗಲಕೋಟೆ ಜಿಲ್ಲೆಯಲ್ಲಿ, ಘಟಪ್ರಭಾ ದಂಡೆಯ ಒಂದು ಹಳ್ಳಿಯವಳು. ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಕೆಲಸ ಸಿಕ್ಕಿ, ತಿಪಟೂರು ಡಿಪೋಕ್ಕೆ ಹಾಕಿದರು. ಆಗ ಈ ಊರು ನಕ್ಷೆಯಲ್ಲಿ ಎಲ್ಲಿದೆ ಎಂದೂ ಗೊತ್ತಿರಲಿಲ್ಲ. ರೈಲಿಳಿದು ಹೊರಗೆ ಬಂದಾಗ ಕಂಡದ್ದು ತೆಂಗು. ಮುಂದೆ ಬಸ್ಸಿನಲ್ಲಿ ತುರುವೇಕೆರೆಗೆ ಹೋದಾಗಲೂ ತೆಂಗು, ದಂಡಿನಶಿವರದಲ್ಲೂ ತೆಂಗು. ನಮ್ಮಲ್ಲಿ ಬಯಲಿನಲ್ಲಿ ನಿಂತರೆ ಎರಡು ಹರದಾರಿ ಆಚೆ ಬರುವ ಎತ್ತಿನ ಗಾಡಿ ಕಾಣುತ್ತದೆ. ಇಲ್ಲಿ ಮುಂದಿನ ತಿರುವಿನಲ್ಲಿ ನಿಂತ ಪ್ರಯಾಣಿಕ ಕೈ ಅಡ್ಡ ಹಾಕುವವರೆಗೂ ಕಾಣುವುದಿಲ್ಲ.

ಕೆಲಸ ಬೇಗ ಕೈಗೆ ಹತ್ತಿತು. ಸ್ಟೇಜುಗಳು ಬಾಯಿಪಾಠವಾದವು. ಮುದ್ದೆ ನುಂಗಲು ಕಲಿತೆ. ಅಗಿಯಬಾರದು ಎಂದು ತಿಳಿಯಲು ಒಂದು ವಾರ ಬೇಕಾಯಿತು. ಮಾತು ಮಾತ್ರ ಎಡವುತ್ತಿತ್ತು. ಒಂದು ದಿನ ನೂರ್‌ಜಾನ್, “ಏನೇ ಊಟ ಮಾಡ್ದೆ?” ಎಂದು ಕೇಳಿದರು. “ರೊಟ್ಟಿ, ಹಿಂಡಿ” ಎಂದೆ. ಅವರು ಹೊಲಿಗೆ ಮಷೀನಿನ ಚಕ್ರ ಹಿಡಿದು ನಿಲ್ಲಿಸಿದರು.

“ಹಿಂಡಿನಾ? ದನಕ್ಕೆ ಇಡೋದಾ?”

ಇಲ್ಲಿ ಹಿಂಡಿ ಎಂದರೆ ಗಾಣದಲ್ಲಿ ಎಣ್ಣೆ ತೆಗೆದ ಮೇಲೆ ಉಳಿಯುವ ಗಟ್ಟಿ. ಹಾಲು ಕೊಡುವ ಎಮ್ಮೆಗೆ ನೆನೆಸಿ ಇಡುತ್ತಾರೆ. ಅಂದು ಸಂಜೆಯೇ ನನಗೆ ಒಂದು ತಟ್ಟೆ ಪಲಾವ್ ಬಂತು. ಸಂಬಳ ಬರುವ ಹುಡುಗಿ ದನದ ಮೇವು ತಿಂದು ದುಡ್ಡು ಉಳಿಸುತ್ತಿದ್ದಾಳೆ ಎಂದು ಅವರು ನಿಜಕ್ಕೂ ನಂಬಿದ್ದರು. ಅವತ್ತಿನಿಂದ ನಾನು ಅವರನ್ನು ನೂರಕ್ಕ ಎಂದು ಕರೆಯತೊಡಗಿದೆ. ಅವರು ನನ್ನನ್ನು ಮಾದೇವಿ ಎಂದರು.

ನೂರಕ್ಕನಿಗೆ ಐವತ್ತೈದು ದಾಟಿದೆ. ಮುಂದಿನ ಕೋಣೆಯಲ್ಲಿ ಕೂತು ಬೀದಿಯ ಹೆಂಗಸರಿಗೆಲ್ಲ ರವಿಕೆ ಹೊಲಿಯುತ್ತಾರೆ. ಗಂಡ ಬಾಷಾ ಸಾಬರು ಸಣ್ಣ ಮಟ್ಟದ ಕೊಬ್ಬರಿ ವ್ಯಾಪಾರಿ. ಅಟ್ಟದ ಮೇಲಿನ ಕಾಯಿ ಅವರದು. ಬಲಿತ ಕಾಯಿಯನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಸುಮ್ಮನೆ ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆಯಾಗುತ್ತದೆ. ಬಾಷಾ ಸಾಬರು ಒಂದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಗಡಗಡ ಎಂದರೆ ಕೊಬ್ಬರಿ ಆಯಿತು. ತುಳುಕಿದರೆ ಇನ್ನೂ ಇಲ್ಲ. ಚಟ್ನಿ ಅರ್ಧ ದಿನ ನಿಲ್ಲದ ಊರಿನಲ್ಲಿ ಕಾಯಿಯನ್ನು ವರ್ಷ ಕಾಯುತ್ತಾರೆ ಎಂದು ನನಗೆ ಆಗಲೇ ತಿಳಿಯಬೇಕಿತ್ತು. ತಿಳಿಯಲಿಲ್ಲ. ಇವರಿಗೆ ಏನನ್ನೂ ಕಾಪಿಡಲು ಬರುವುದಿಲ್ಲ ಎಂಬ ಒಂದು ಸಣ್ಣ ಸೊಕ್ಕು ನನ್ನಲ್ಲಿತ್ತು.

ಆ ಸೊಕ್ಕಿಗೆ ಕಾರಣ ನನ್ನ ಭರಣಿ. ನಮ್ಮವ್ವ ಪ್ರತಿ ವರ್ಷ ಬೇಸಿಗೆ ಹತ್ತುವ ಮುಂಚೆ ಹಣ್ಣು ಮೆಣಸಿನಕಾಯಿ ತಂದು ಹಿಂಡಿ ಕುಟ್ಟುತ್ತಾಳೆ. ನಮ್ಮ ಕಡೆಯವರಾದರೆ ನಿಮಗೆ ಗೊತ್ತೇ ಇದೆ, ಆದರೂ ದೂರ ಕೂತು ಬರೆಯುವಾಗ ಬಾಯಲ್ಲಿ ನೀರು ಬರುತ್ತದೆ, ಹೇಳಿಬಿಡುತ್ತೇನೆ. ಮೆಣಸಿನಕಾಯಿಯನ್ನು ತೊಳೆಯದೆ ಒಣ ಅರಿವೆಯಿಂದ ಒಂದೊಂದಾಗಿ ಒರೆಸುವುದು, ತೊಟ್ಟು ಬಿಡಿಸುವುದು, ಉಪ್ಪು ಬೆಳ್ಳುಳ್ಳಿ ಹಾಕಿ ಕುಟ್ಟುವುದು, ಮೂರು ದಿನ ಬಿಟ್ಟು ಹುರಿದ ಮೆಂತ್ಯೆ ಜೀರಿಗೆಯ ಪುಡಿ, ಲಿಂಬೆರಸ ಸೇರಿಸಿ ಮತ್ತೊಮ್ಮೆ ಅರೆಯುವುದು. ಭರಣಿಗೆ ಒತ್ತಿ ತುಂಬಿ, ಮೇಲೆ ಎಣ್ಣೆ ನಿಲ್ಲಿಸಿ, ಬಾಯಿಗೆ ಅರಿವೆ ಕಟ್ಟುವುದು. ಹಸಿ ಚಮಚ ಮುಟ್ಟಿಸುವಂತಿಲ್ಲ. ನನ್ನ ಪಾಲಿನ ಭರಣಿ ಅವ್ವನ ಹಳೆಯ ಸೀರೆಯಲ್ಲಿ ಸುತ್ತಿಕೊಂಡು ರೈಲಿನಲ್ಲಿ ನನ್ನ ಮಡಿಲಲ್ಲೇ ಬಂದಿತ್ತು. ನನ್ನ ಕೋಣೆಯ ತಗಡು ಕಾದು ಕೆಂಡವಾಗುತ್ತಿದ್ದುದರಿಂದ ನೂರಕ್ಕನ ಅಡುಗೆಮನೆಯ ತಂಪಾದ ಗೂಡಿನಲ್ಲಿ ಅದನ್ನು ಇಟ್ಟಿದ್ದೆ.

ದೀಪಾವಳಿ ಮುಗಿದ ಮೇಲೆ ಊರಿನಿಂದ ಅಣ್ಣನ ಫೋನು ಬಂತು. ಅವ್ವ ಅಂಗಳದಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದಿತ್ತು. ಪಟ್ಟಿ ಹಾಕಿದ್ದರು, ಇನ್ನು ಮುಂದೆ ಕುಟ್ಟುವುದು ಬೀಸುವುದು ಬೇಡ ಎಂದು ಡಾಕ್ಟರು ಹೇಳಿದ್ದರು. ರಜೆ ಹಾಕಿ ಹೋಗಿ ನೋಡಿಕೊಂಡು ಬಂದೆ. ವಾಪಸು ಬರುವಾಗ ಭರಣಿಯಲ್ಲಿ ಅರ್ಧ ಹಿಂಡಿ ಉಳಿದಿರುವುದು ನೆನಪಾಗಿ ಏನೋ ಸಮಾಧಾನವಾಯಿತು. ಅವ್ವನ ಕೈಯ ಹಿಂಡಿ ಇನ್ನು ಬರುತ್ತದೋ ಇಲ್ಲವೋ, ಇದನ್ನು ಹನಿಹನಿಯಾಗಿ ಉಣ್ಣಬೇಕು ಎಂದುಕೊಂಡೆ.

ತಿಪಟೂರಿಗೆ ಬಂದು ಊಟಕ್ಕೆ ಕೂತಾಗ ನೂರಕ್ಕ ತಾವೇ ಭರಣಿ ತಂದು ಮುಂದಿಟ್ಟರು. ಅವರ ಮುಖದಲ್ಲಿ ಹಬ್ಬದ ಕಳೆ.

“ಬರೀ ಖಾರ ತಿಂದು ಹೊಟ್ಟೆ ಸುಟ್ಕೋತಿದ್ದೆ. ಎರಡು ಕಾಯಿ ತುರಿದು ರುಬ್ಬಿ ಹಾಕಿದೀನಿ. ಈಗ ಮನುಷ್ರು ತಿನ್ನೋ ಹಂಗಾಗೈತೆ, ನೋಡು!”

ಭರಣಿ ತುಂಬಿತ್ತು. ಕೆಂಪು ಹೋಗಿ ನಸುಗುಲಾಬಿ ಬಣ್ಣ ಬಂದಿತ್ತು. ಬಾಯಿಯ ಸುತ್ತ ಆಗಲೇ ಸಣ್ಣ ಗುಳ್ಳೆಗಳು.

“ಯಾವಾಗ ಹಾಕಿದ್ರಿ?”

“ನಿನ್ನೆ ಬೆಳಿಗ್ಗೆ. ಯಾಕೇ?”

ನಾನು ತಟ್ಟೆ ಬಿಟ್ಟು ಎದ್ದೆ. ಅವರು ಹಿಂದೆಯೇ ಬಂದು, ಫ್ರಿಜ್ಜಿಗೆ ಇಡೋಣ, ಬಿಸಿ ಮಾಡೋಣ, ಒಗ್ಗರಣೆ ಹಾಕೋಣ ಎಂದು ಒಂದೊಂದೇ ಹೇಳಿದರು. ಒಲೆಯ ಮೇಲಿಟ್ಟು ಕಾಯಿಸಿದೆವು, ಹುಳಿ ಹೋಗಲಿಲ್ಲ. ಎರಡು ದಿನ ಫ್ರಿಜ್ಜಿನಲ್ಲಿಟ್ಟೆವು. ಅಲ್ಲಿಯೂ ಮೇಲೆ ಬೂಸ್ಟು ಕಟ್ಟಿತು. ಕೊನೆಗೆ ನಾನೇ ಹಿತ್ತಲಿನ ತೆಂಗಿನ ಬುಡಕ್ಕೆ ಸುರಿದೆ. ನೂರಕ್ಕ ಬಾಗಿಲಲ್ಲಿ ನಿಂತು ನೋಡಿದರು. “ನಂಗೆ ಗೊತ್ತಾಗ್ಲಿಲ್ಲ ಕಣೇ” ಎಂದರು. “ಇರಲಿ ಬಿಡ್ರಿ” ಎಂದೆ. ಆದರೆ ಹಾಗೆ ಅನ್ನಿಸಿರಲಿಲ್ಲ. ಹಿಂಡಿಗಿಂತ ಹೆಚ್ಚಾಗಿ ‘ಮನುಷ್ರು ತಿನ್ನೋ ಹಂಗೆ’ ಎಂಬ ಮಾತು ನಟ್ಟಿತ್ತು. ಹಾಗಾದರೆ ಇಷ್ಟು ದಿನ ನಾನು ಏನು?

ಮರುದಿನ ಅವ್ವ ಫೋನಿನಲ್ಲಿ ಕೇಳಿದಳು, “ಹಿಂಡಿ ಚಲೋ ಐತಿಲ್ಲವಾ?”

“ಚಲೋ ಐತವ್ವ” ಎಂದೆ. ಪಟ್ಟಿ ಕಟ್ಟಿದ ಕೈಯವಳಿಗೆ ಇನ್ನೇನು ಹೇಳಲಿ?

ಆಮೇಲಿನ ದಿನಗಳು ಭಾರವಾದವು. ಹೊಲಿಗೆ ಮಷೀನಿನ ಸದ್ದು ಕೇಳಿದರೆ ನಾನು ಹಿತ್ತಲ ಬಾಗಿಲಿನಿಂದ ಹೋಗುತ್ತಿದ್ದೆ. ನೂರಕ್ಕ ಕಳಿಸಿದ ತಟ್ಟೆಯನ್ನು ಹೊಟ್ಟೆ ಸರಿಯಿಲ್ಲ ಎಂದು ವಾಪಸು ಮಾಡಿದೆ. ಒಂದು ಊರು ಎಷ್ಟು ಜನರಿಂದ ನಮ್ಮದಾಗುತ್ತದೆ ಎಂದು ಆಗ ಗೊತ್ತಾಯಿತು. ನನಗೆ ಒಬ್ಬರಿಂದ ಆಗಿತ್ತು; ಆ ಒಬ್ಬರ ಜೊತೆ ಮಾತು ಬಿಟ್ಟ ಕೂಡಲೇ ತಿಪಟೂರು ಮತ್ತೆ ಮೊದಲ ದಿನದ ಊರಾಯಿತು. ಡಿಪೋ ಹತ್ತಿರ ಇನ್ನೊಂದು ಕೋಣೆ ನೋಡಿದೆ. ಆರ್‌ಸಿಸಿ ಮನೆ, ಅಟ್ಟವಿಲ್ಲ. ಮುಂದಿನ ತಿಂಗಳಿಂದ ಬರುತ್ತೇನೆ ಎಂದು ಹೇಳಿಯೂ ಬಂದೆ.

ಸಂಕ್ರಾಂತಿ ಕಳೆದು ಕೆಲವು ದಿನಗಳಾಗಿದ್ದವು. ಬೆಳಗಿನ ಟ್ರಿಪ್ಪು, ಚಿಕ್ಕನಾಯಕನಹಳ್ಳಿ, ಹುಳಿಯಾರಿನ ಮೇಲೆ ಬೋರನಕಣಿವೆಯ ಕಡೆಗೆ ನನ್ನ ಬಸ್ಸು. ಸ್ಟ್ಯಾಂಡಿನಿಂದ ಹೊರಡುವಾಗ ಮುಂಬಾಗಿಲಿನಿಂದ ಬುರ್ಖಾ ಹಾಕಿದ ಒಬ್ಬ ಹೆಂಗಸು ಖಾಲಿ ಗೋಣಿಚೀಲ ಹಿಡಿದು ಹತ್ತಿದರು. ಟಿಕೆಟ್ ಕೊಡುತ್ತ ಅವರ ಸೀಟಿನ ಹತ್ತಿರ ಬಂದೆ. ನೂರಕ್ಕ!

ಹೆಂಗಸರಿಗೆ ಈಗ ಟಿಕೆಟ್ಟಿಗೆ ದುಡ್ಡಿಲ್ಲ, ಗುರುತಿನ ಚೀಟಿ ತೋರಿಸಿದರೆ ಸೊನ್ನೆ ಟಿಕೆಟ್ ಕೊಡಬೇಕು. ಬೇರೆ ಏನು ಮಾತಾಡುವುದೆಂದು ತೋಚದೆ ನಾನು ನಿಯಮವನ್ನೇ ಹಿಡಿದುಕೊಂಡೆ.

“ಆಧಾರ್ ತೋರಸ್ರಿ.”

“ನಂದೇ ಗುರ್ತಿಲ್ವೇನೇ ನಿಂಗೆ?”

“ಎಲ್ಲರೂ ತೋರಸಬೇಕ್ರಿ. ಎಲ್ಲಿಗೆ?”

ಅವರು ಚೀಲದೊಳಗೆ ಕೈ ಹಾಕಿ ಕಾರ್ಡು ಹುಡುಕುತ್ತ, ನನ್ನ ಮುಖ ನೋಡದೆ ಹೇಳಿದರು. “ಬೋರನಕಣಿವೆ. ಅಲ್ಲಿ ರತ್ನಮ್ಮ ಅಂತ ಒಬ್ರು ಹೊಲದಾಗೆ ಮೆಣಸಿನಕಾಯಿ ಹಣ್ಣಾಗವಂತೆ. ಗಿಡ ಕೀಳೋಕೆ ಮುಂಚೆ ಬಂದ್ ಕುಯ್ಕೊಂಡ್ ಹೋಗು ಅಂದವ್ರೆ.”

ನನ್ನ ಕೈಯಲ್ಲಿದ್ದ ಟಿಕೆಟ್ ಮಷೀನು ಅಲ್ಲೇ ನಿಂತಿತು. ಇಲ್ಲಿಯವರು ಮೆಣಸಿನಕಾಯಿಯನ್ನು ಹಸಿರಾಗಿಯೇ ಕಿತ್ತು ಮಾರುತ್ತಾರೆ. ತಾಜಾ ಕೆಂಪು ಹಣ್ಣು ಈ ಕಡೆಯ ಸಂತೆಯಲ್ಲಿ ನಾನು ನೋಡಿಯೇ ಇರಲಿಲ್ಲ. ನೂರಕ್ಕ ನಾಲ್ಕು ವಾರ ಸಂತೆಗೆ ಹೋಗಿ ತರಕಾರಿ ಮಾರುವ ಒಬ್ಬೊಬ್ಬರನ್ನೂ ಕೇಳಿದ್ದರಂತೆ. ಕೆಲವರು ಒಣಮೆಣಸಿನಕಾಯಿ ಕೊಡಲು ಬಂದರು, ಕೆಲವರು ನಕ್ಕರು. ಕೊನೆಗೆ ಬೋರನಕಣಿವೆ ಜಲಾಶಯದ ನೀರಿನಲ್ಲಿ ಬೆಳೆ ತೆಗೆಯುವ ರತ್ನಮ್ಮ ಸಿಕ್ಕಿದ್ದರು.

“ಹಿಂದ್ಗಡೆಯಿಂದ ಟಿಕೆಟ್ ಕೇಳ್ತಾವ್ರೆ, ಹೋಗು” ಎಂದರು ನೂರಕ್ಕ. ನಾನು ಸೊನ್ನೆ ಟಿಕೆಟ್ ಹರಿದು ಅವರ ಅಂಗೈಯಲ್ಲಿಟ್ಟೆ. ಆಧಾರ್ ನೋಡಲಿಲ್ಲ.

ಬೋರನಕಣಿವೆಯಲ್ಲಿ ಅವರನ್ನು ಇಳಿಸಿದೆ. ರಸ್ತೆ ಬದಿಯಲ್ಲೇ ರತ್ನಮ್ಮ ಕಾಯುತ್ತಿದ್ದರು. ಬಸ್ಸು ತಿರುಗುವಾಗ ಕಿಟಕಿಯಿಂದ ನೋಡಿದರೆ ಸಾಲುಗಳ ನಡುವೆ ಕೆಂಪು ಕೆಂಪು ಚುಕ್ಕೆಗಳು. ಸಂಜೆಯ ಟ್ರಿಪ್ಪಿನಲ್ಲಿ ಅದೇ ಜಾಗದಲ್ಲಿ ನೂರಕ್ಕ ತುಂಬಿದ ಚೀಲದ ಮೇಲೆ ಕೂತಿದ್ದರು. ಹತ್ತಿಸಿಕೊಂಡು ಎರಡು ಕಿಲೋಮೀಟರು ಬರುವಷ್ಟರಲ್ಲಿ ಅರ್ಧ ಬಸ್ಸು ಸೀನತೊಡಗಿತು.

“ಏನಮ್ಮಣ್ಣಿ ಅದು ಚೀಲದಾಗೆ?” ಎಂದು ಮುಂದಿನ ಸೀಟಿನ ಅಜ್ಜ ಕೇಳಿದರು.

“ಹಿಂಡಿ ಮಾಡೋಕೆ ಕಣಜ್ಜ. ದನದ್ದಲ್ಲ, ಮನುಷ್ರದ್ದು” ಎಂದು ನೂರಕ್ಕ ಜೋರಾಗಿ ಹೇಳಿ ನನ್ನ ಕಡೆ ನೋಡಿದರು. ನನಗೆ ನಗು, ಅಳು ಎರಡೂ ಬಂದವು. ಮೆಣಸಿನಕಾಯಿಯ ಘಾಟು ಎಂದು ಕಣ್ಣೊರೆಸಿಕೊಂಡೆ.

ವಾರದ ರಜೆಯ ದಿನ ಹಿತ್ತಲಿನಲ್ಲಿ ಕೂತೆವು. ಮಿಕ್ಸಿ ಬಂದ ಮೇಲೆ ಎಷ್ಟೋ ವರ್ಷದಿಂದ ಮೂಲೆ ಸೇರಿದ್ದ ಒಳಕಲ್ಲನ್ನು ಬಾಷಾ ಸಾಬರು ಉಜ್ಜಿ ತೊಳೆದು ಎರಡು ದಿನ ಮೊದಲೇ ಬಿಸಿಲಿಗೆ ಒಣಗಿಸಿದ್ದರು. ಅವ್ವನಿಗೆ ವಿಡಿಯೋ ಕಾಲ್ ಹಚ್ಚಿದೆ. ಕೇಳದೆ ವಿಧಿಯಿರಲಿಲ್ಲ, ಅಳತೆ ಇರುವುದು ಅವಳ ತಲೆಯಲ್ಲಿ. ಕೇಳುವ ಮೊದಲು ನಿಜ ಹೇಳಬೇಕಾಯಿತು. ಭರಣಿ ಹೇಗೆ ಕೆಟ್ಟಿತು, ನಾನು ಹೇಗೆ ಸುಳ್ಳು ಹೇಳಿದೆ, ಎಲ್ಲ ಹೇಳಿದೆ. ನೂರಕ್ಕ ನನ್ನ ಎದುರಿಗೆ, ಫೋನಿಗೆ ಕಾಣದಂತೆ ತಲೆ ತಗ್ಗಿಸಿ ಕೂತಿದ್ದರು.

ಅವ್ವ ಕೊನೆಯವರೆಗೂ ಕೇಳಿಸಿಕೊಂಡಳು. ಆಮೇಲೆ ಅಂದಳು, “ಆಕಿಗೇನ ಗೊತ್ತವಾ ಪಾಪ. ನಿನಗ ಗೊತ್ತಿತ್ತಲ್ಲ. ಅವರ ಮನ್ಯಾಗ ಇಟ್ಟು, ಒಂದ ದಿನಾನಾದ್ರೂ ಆಕಿಗೆ ರುಚಿ ತೋರಿಸಿ, ಹಿಂಗಿಂಗ ಅಂತ ಹೇಳಿದ್ದೇನ?”

ಹೇಳಿರಲಿಲ್ಲ. ಇವರಿಗೆ ಇದು ಸೇರುವುದಿಲ್ಲ, ತಿಳಿಯುವುದಿಲ್ಲ ಎಂದು ನಾನೇ ತೀರ್ಮಾನ ಮಾಡಿದ್ದೆ. ಅವರ ಎಷ್ಟು ತಟ್ಟೆ ಊಟ ಉಂಡಿದ್ದೆ. ನನ್ನ ಭರಣಿಯಿಂದ ಒಂದು ಚಮಚ ಕೊಟ್ಟಿರಲಿಲ್ಲ. ಹೊಸ ಊರು ನನ್ನನ್ನು ಒಳಗೆ ಬಿಟ್ಟುಕೊಳ್ಳುತ್ತಿಲ್ಲ ಎಂದು ಕೊರಗುವವಳು ನಾನೇ ಬಾಗಿಲು ಹಾಕಿಕೊಂಡು ಕೂತಿದ್ದೆ.

“ಉಪ್ಪು ಎಷ್ಟವ್ವ?” ಎಂದೆ, ಮಾತು ತಪ್ಪಿಸಲು.

“ಸೇರಿಗೆ ಒಂದ ಮುಷ್ಟಿ.” ಪಟ್ಟಿ ಬಿಚ್ಚಿದ್ದರೂ ಇನ್ನೂ ಬಿಗಿಯಾಗಿದ್ದ ಬಲಗೈ ಬಿಟ್ಟು ಎಡಗೈ ಮುಚ್ಚಿ ತೋರಿಸಿದಳು. “ಎಲ್ಲಿ, ನಿನ್ನ ಮುಷ್ಟಿ ತೋರಸು. ಸಣ್ಣದಾತು. ಆಕಿದು ತೋರಸು.”

ನೂರಕ್ಕ ಮುಷ್ಟಿ ಮಾಡಿ ಕ್ಯಾಮೆರಾದ ಮುಂದೆ ಹಿಡಿದರು.

“ಹಾಂ, ಅದು ನನ್ನಷ್ಟ ಐತಿ. ಆಕಿ ಕೈಲೇ ಹಾಕಸು.”

“ಏನಂತಾರೆ ನಿಮ್ಮಮ್ಮ?” ಎಂದರು ನೂರಕ್ಕ. ಇಬ್ಬರದೂ ಕನ್ನಡವೇ, ನಡುವೆ ದುಭಾಷಿ ನಾನು. ಉಪ್ಪು ನೂರಕ್ಕನ ಮುಷ್ಟಿಯಿಂದಲೇ ಬಿತ್ತು. ಕುಟ್ಟಿದ್ದು ನಾನು. ಮಧ್ಯಾಹ್ನಕ್ಕೆ ಇಬ್ಬರ ಕೈಯೂ ಉರಿ ಉರಿ. ಕೊಬ್ಬರಿ ಎಣ್ಣೆ ಸವರಿಕೊಂಡು ಬಿಸಿಲು ಇಳಿಯುವವರೆಗೂ ಅಂಗೈ ಮೇಲೆ ಮಾಡಿ ಕೂತೆವು. ಹಾಗೆ ಕೂತಾಗ ನೂರಕ್ಕ ಕೇಳಿದರು, “ಹಸಿ ಕಾಯಿ ಹಾಕುದ್ರೆ ಕೆಡ್ತು. ಕೊಬ್ಬರಿ ಹಾಕುದ್ರೆ? ಅಟ್ಟದ ಮೇಲೆ ಅದು ವರ್ಷ ಇರಲ್ವಾ?”

ಉತ್ತರ ನನಗೂ ಗೊತ್ತಿರಲಿಲ್ಲ, ಅವ್ವನಿಗೂ ಗೊತ್ತಿರಲಿಲ್ಲ. ಮೂರು ದಿನ ಬಿಟ್ಟು ಎರಡನೇ ಸಲ ಅರೆಯುವಾಗ ಒಂದು ಸಣ್ಣ ಬಾಟಲಿಗೆ ಬೇಕಾಗುವಷ್ಟನ್ನು ಬೇರೆ ತೆಗೆದು, ಅದಕ್ಕೆ ಬಾಷಾ ಸಾಬರು ಗಡಗಡ ಅಲ್ಲಾಡಿಸಿ ಆರಿಸಿ ಕೊಟ್ಟ ಕೊಬ್ಬರಿಯನ್ನು ತುರಿದು, ಘಮ್ಮೆನ್ನುವಂತೆ ಹುರಿದು ಸೇರಿಸಿದೆವು. ಉಳಿದದ್ದು ಅವ್ವನ ಕ್ರಮದಂತೆ ಭರಣಿಗೆ ಹೋಯಿತು. ಭರಣಿಗೂ ಬಾಟಲಿಗೂ ಅರಿವೆ ಕಟ್ಟಿ ಅದೇ ಗೂಡಿನಲ್ಲಿಟ್ಟೆವು. ನೂರಕ್ಕ ಒಂದು ಒಣ ಮರದ ಚಮಚವನ್ನು ಪಕ್ಕದಲ್ಲಿ ಮೊಳೆಗೆ ನೇತುಹಾಕಿ, ಗಂಡನಿಗೆ ಎಚ್ಚರಿಕೆ ಕೊಟ್ಟರು: “ಇದುನ್ನ ನೀರಿಗೆ ಹಾಕುದ್ರೆ ಮನೆಯಿಂದ ಆಚೆ ಹಾಕ್ತೀನಿ ನೋಡ್ರೀ.”

ಡಿಪೋ ಹತ್ತಿರದ ಕೋಣೆಯವರಿಗೆ ಬರುವುದಿಲ್ಲ ಎಂದು ಹೇಳಿಬಂದೆ.

ಭರಣಿ ಕೆಡಲಿಲ್ಲ. ಕೊಬ್ಬರಿಯ ಬಾಟಲಿ ಎಷ್ಟು ದಿನ ಬಾಳುತ್ತಿತ್ತೋ ಹೇಳಲಾರೆ. ನಾಲ್ಕು ತಿಂಗಳು ಚೆನ್ನಾಗಿಯೇ ಇತ್ತು, ಅಷ್ಟರಲ್ಲಿ ಮುಗಿಸಿಬಿಟ್ಟೆವು. ನೂರಕ್ಕ ಉಪ್ಪಿಟ್ಟಿಗೂ, ಚಪಾತಿಗೂ ಅದನ್ನೇ ಹಚ್ಚಿಕೊಂಡರು. ರವಿಕೆ ಅಳತೆ ಕೊಡಲು ಬಂದ ಹೆಂಗಸರ ಅಂಗೈಗೂ ಒಂದಿಷ್ಟು ಬಿತ್ತು. ಊರಿಗೆ ಹೋಗುವಾಗ ಅದನ್ನೇ ಒಂದು ಸಣ್ಣ ಡಬ್ಬಿಯಲ್ಲಿ ಒಯ್ದಿದ್ದೆ. ಅವ್ವ ರೊಟ್ಟಿಗೆ ಹಚ್ಚಿ ಬಾಯಿಗಿಟ್ಟು ಬಹಳ ಹೊತ್ತು ಅಗಿದಳು. “ಇದು ನಮ್ಮದಲ್ಲ ಬಿಡವಾ” ಎಂದಳು. ಆಮೇಲೆ ಇನ್ನಷ್ಟು ಹಾಕಿಸಿಕೊಂಡಳು.

ಈಗ ನನಗೆ ಇಲ್ಲಿ ನಾಲ್ಕು ವರ್ಷ. ಬಸ್ಸಿನಲ್ಲಿ ನಾನು ಬಾಯಿ ತೆಗೆದರೆ ಇವತ್ತಿಗೂ ಯಾರಾದರೂ “ಹುಬ್ಳಿ ಕಡೆಯೋರಾ?” ಎನ್ನುತ್ತಾರೆ. ಊರಿಗೆ ಹೋದರೆ ಅಣ್ಣನ ಹೆಂಡತಿ “ಬಂದ್ಳು ನೋಡ್ರಿ ಮೈಸೂರಾಕಿ” ಎನ್ನುತ್ತಾಳೆ. ಹುಬ್ಬಳ್ಳಿಯಲ್ಲಿ ನಾನು ಒಂದು ದಿನವೂ ಇದ್ದವಳಲ್ಲ, ಮೈಸೂರನ್ನೂ ನೋಡಿಲ್ಲ. ಊರಲ್ಲಿ ಮೂರು ದಿನ ಸುಖವಾಗಿರುತ್ತದೆ. ನಾಲ್ಕನೆಯ ದಿನ ಕಣ್ಣು ತಂಪಿಗೆ ಮರ ಹುಡುಕುತ್ತದೆ. ಇಲ್ಲಿಗೆ ಬಂದ ಮೇಲೆ ಬಯಲು ಬೇಕೆನಿಸುತ್ತದೆ. ಇದಕ್ಕೆ ಮದ್ದಿಲ್ಲ ಎಂದು ಒಪ್ಪಿಕೊಂಡಿದ್ದೇನೆ. ಹಾಗೆ ಒಪ್ಪಿಕೊಂಡ ಮೇಲೆ ನಿದ್ದೆ ಚೆನ್ನಾಗಿ ಬರುತ್ತಿದೆ.

ಈ ಸಲ ವರ್ಗಾವಣೆಗೆ ಅರ್ಜಿ ಕರೆದಿದ್ದರು. ನಮ್ಮ ಕಡೆಯ ಡಿಪೋದಲ್ಲಿ ಜಾಗ ಇತ್ತು. ಕೊನೆಯ ದಿನದವರೆಗೂ ಅರ್ಜಿ ಬ್ಯಾಗಿನಲ್ಲೇ ಇತ್ತು; ತುಂಬಲಿಲ್ಲ. ಮರುದಿನ ಅವ್ವನಿಗೆ ಫೋನು ಮಾಡಿ ಹೇಳಿದೆ.

“ಯಾಕವಾ?” ಎಂದಳು.

“ಬುಡವ್ವ, ಮುಂದಿನ ವರ್ಷ ನೋಡಣ” ಎಂದೆ.

ನಾನು ಏನು ಅಂದೆ ಎಂಬುದು ನನಗೆ ಆಗ ಕೇಳಿಸಿತು. ಇಪ್ಪತ್ತೈದು ವರ್ಷ ಅವಳ ಬಾಯಿಂದ ಕಲಿತ ಮಾತಿನಲ್ಲಿ ‘ಬಿಡವ್ವ’ ಇತ್ತು, ತಿಪಟೂರಿನ ‘ಬುಡವ್ವ’ ಇರಲಿಲ್ಲ. ಸರಿಪಡಿಸಿ ಇನ್ನೊಮ್ಮೆ ಹೇಳಬೇಕೆಂದುಕೊಂಡೆ. ಅದೂ ಸುಳ್ಳಾಗುತ್ತದೆ ಅನ್ನಿಸಿ ಹಾಗೆಯೇ ಬಿಟ್ಟೆ.

“ಹಂಗಾದ್ರ,” ಎಂದಳು ಅವ್ವ, “ಮೆಣಸಿನಕಾಯಿ ನಾ ಕಳಸಲೇನ? ಇಲ್ಲಾ ನಿಮ್ಮೂರಾಗ ಸಿಗತಾವ?”

ನಿಮ್ಮೂರು ಎಂದಳು. ನಾನು ಎರಡಕ್ಕೂ ಹೂಂ ಎಂದೆ.